ಒಂದು ಹಳ್ಳ ಕಲಿಸಿದ ಪಾಠ: ಕೂನ್ ಕ್ರೀಕ್ ಮತ್ತು ಅದರ ಉಪಹಳ್ಳಗಳು



ಜೋರು ಮಳೆ ಬಿದ್ದು ನಿಂತ ಮರುದಿನ ಬೆಳಿಗ್ಗೆ ನಿಮ್ಮ ಹೊಲದ ಕೆಳಗಿನ ಹಳ್ಳದ ದಡದಲ್ಲಿ ಒಮ್ಮೆ ನಿಂತು ನೋಡಿ. ನೀರು ತಿಳಿಯಾಗಿ ಹರಿಯುತ್ತಿದ್ದರೆ ಮೇಲಿನ ಜಮೀನು ಕ್ಷೇಮವಾಗಿದೆಯೆಂದು ತಿಳಿಯಬಹುದು. ಕೆಂಪಗೋ ಕಪ್ಪಗೋ ಗಡುಸಾಗಿ ಹರಿಯುತ್ತಿದ್ದರೆ, ಹರಿದುಹೋಗುತ್ತಿರುವುದು ಬರಿಯ ನೀರಲ್ಲ, ನಿಮ್ಮ ಹೊಲವೇ. ಹೀಗೆ ಹಳ್ಳವೆಂಬುದು ಅದರ ಮೇಲಿನ ಎಲ್ಲ ಹೊಲಗಳ ಲೆಕ್ಕದ ಪುಸ್ತಕವಿದ್ದಂತೆ. ಯಾರು ಉಳಿಸಿದರು, ಯಾರು ಕಳೆದರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ.

ಇಂಥ ಲೆಕ್ಕವನ್ನು ಸುಮಾರು ನೂರೈವತ್ತು ವರ್ಷಗಳ ಕಾಲದ್ದನ್ನು ಓದಲು ಸಾಧ್ಯವಾಗಿರುವ ಹಳ್ಳಗಳು ಜಗತ್ತಿನಲ್ಲಿ ಬಹಳ ಇಲ್ಲ. ಅಂಥದೊಂದು ಅಮೆರಿಕದ ಮಧ್ಯಪಶ್ಚಿಮ ಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿದೆ. ಅದರ ಹೆಸರು ಕೂನ್ ಕ್ರೀಕ್. ಕ್ರೀಕ್ ಎಂದರೆ ಆ ನಾಡಿನಲ್ಲಿ ಹಳ್ಳ ಅಥವಾ ತೊರೆ. ಭೂಪಟದಲ್ಲಿ ಹುಡುಕಿದರೂ ಸುಲಭವಾಗಿ ಸಿಗದ ಈ ಸಣ್ಣ ಹಳ್ಳದ ಕಥೆಯನ್ನು ತಿಳಿದರೆ ನಮ್ಮ ಊರ ಹಳ್ಳವನ್ನು ನೋಡುವ ದೃಷ್ಟಿಯೇ ಬದಲಾದೀತು.

ಹಳ್ಳದ ಹುಟ್ಟು ಮತ್ತು ಹರಿವು

ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಗಡಿಯಲ್ಲಿ ಮಿಸ್ಸಿಸಿಪ್ಪಿ ಮಹಾನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದರ ಪೂರ್ವದಲ್ಲಿ ವರ್ನನ್, ಲಾ ಕ್ರಾಸ್ ಮತ್ತು ಮನ್ರೋ ಎಂಬ ಮೂರು ಜಿಲ್ಲೆಗಳಿವೆ. ಇವುಗಳ ಗುಡ್ಡಸಾಲುಗಳಲ್ಲಿ ಕೂನ್ ಹಳ್ಳದ ತಲೆಗಳಿವೆ. ಇದರ ಜಲಾನಯನ ಪ್ರದೇಶ ಸುಮಾರು 360 ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 90,000 ಎಕರೆ.

ಆ ಸೀಮೆಯಲ್ಲಿ ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ 'ಕೂಲೀ' ಎನ್ನುತ್ತಾರೆ. ಇದು ನಾವು ಕೊಡುವ, ಪಡೆಯುವ ಕೂಲಿಯಲ್ಲ. 'ಹರಿ' ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಒಂದೊಂದು ಕೂಲೀಯಲ್ಲಿಯೂ ಒಂದೊಂದು ತೊರೆ ಹರಿಯುತ್ತದೆ. ಇವುಗಳಲ್ಲಿ ಮುಖ್ಯವಾದದ್ದು ಟಿಂಬರ್ ಕೂಲೀ ತೊರೆ. ಇದಕ್ಕೆ ರುಲ್ಯಾಂಡ್ಸ್ ಕೂಲೀ ಮತ್ತು ಸ್ಪ್ರಿಂಗ್ ಕೂಲೀ ಎಂಬ ತೊರೆಗಳು ಬಂದು ಸೇರುತ್ತವೆ. ಇನ್ನೊಂದು ಕಡೆಯಿಂದ ಬೊಹೀಮಿಯನ್ ಕಣಿವೆಯ ತೊರೆ ಬರುತ್ತದೆ. ಇವೆಲ್ಲ ಕೂನ್ ವ್ಯಾಲಿ ಎಂಬ ಊರಿನ ಬಳಿ ಕೂಡಿ ಒಂದಾಗುತ್ತವೆ. ಅಲ್ಲಿಂದ ಹಳ್ಳವು ನೈಋತ್ಯಕ್ಕೆ ತಿರುಗಿ, ಚೇಸ್‌ಬರ್ಗ್ ಎಂಬ ಊರನ್ನು ದಾಟಿ, ಸ್ಟಾಡರ್ಡ್ ಎಂಬ ಊರಿನ ಹತ್ತಿರ ಮಿಸ್ಸಿಸಿಪ್ಪಿಯ ಹಿನ್ನೀರನ್ನು ಸೇರುತ್ತದೆ. ಈ ಹಿನ್ನೀರು 1937ರಲ್ಲಿ ಮುಗಿದ, ಜೆನೋವಾ ಎಂಬಲ್ಲಿರುವ 8ನೆಯ ಅಣೆಕಟ್ಟಿನದು. 'ಹನಿಹನಿ ಗೂಡಿದರೆ ಹಳ್ಳ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನೆಲದ ಸ್ವರೂಪ

ಹಿಂದಿನ ಹಿಮಯುಗದಲ್ಲಿ ಅಮೆರಿಕದ ಉತ್ತರ ಭಾಗವನ್ನೆಲ್ಲ ಹಿಮದ ಹಾಸು ಆವರಿಸಿ, ಗುಡ್ಡಗಳನ್ನು ಸವೆಸಿ, ತಗ್ಗುಗಳನ್ನು ತುಂಬಿ ಸಮಮಾಡಿತು. ಆದರೆ ಈ ಒಂದು ತುಂಡು ನೆಲ ಮಾತ್ರ ಆ ಹಿಮದಡಿಗೆ ಸಿಗಲಿಲ್ಲ. ಆದುದರಿಂದಲೇ ಸುತ್ತಲಿನ ಬಯಲಿನ ನಡುವೆ ಇಲ್ಲಿ ಮಾತ್ರ ಕಡಿದಾದ ಗುಡ್ಡ, ಆಳವಾದ ಕಣಿವೆ ಉಳಿದಿವೆ. ಕಣಿವೆಯ ತಳದಿಂದ ಗುಡ್ಡದ ನೆತ್ತಿ ನಾಲ್ಕೈದು ನೂರು ಅಡಿ ಎತ್ತರದಲ್ಲಿದೆ.

ಕೆಳಗೆ ಮರಳುಗಲ್ಲು, ಮೇಲೆ ಸುಣ್ಣದ ಜಾತಿಯ ಕಲ್ಲು, ಅದರ ಮೇಲೆ ಗಾಳಿ ಹೊತ್ತು ತಂದು ಹಾಸಿದ ನುಣುಪಾದ ಮಣ್ಣು. ಈ ಮಣ್ಣು ಹಿಟ್ಟಿನಂತೆ ಮೃದು, ಫಲವತ್ತು ಬಹಳ. ಆದರೆ ಮಳೆಯ ಪೆಟ್ಟಿಗೆ ಬೇಗ ಕರಗುವ ಗುಣವುಳ್ಳದ್ದು. ವರ್ಷದ ಮಳೆ, ಹಿಮ ಎಲ್ಲ ಸೇರಿ ಸುಮಾರು 800 ಮಿಲಿಮೀಟರ್. ಇದು ನಮ್ಮ ದಕ್ಷಿಣದ ಒಣಬೇಸಾಯದ ಜಿಲ್ಲೆಗಳ ಮಳೆಯಿಂದ ಬಹಳ ದೂರವೇನಿಲ್ಲ. ಕಲ್ಲಿನ ಬಿರುಕುಗಳಲ್ಲಿ ಇಂಗಿದ ನೀರು ಕಣಿವೆಯ ಬುಡದಲ್ಲಿ ತಣ್ಣನೆಯ ಚಿಲುಮೆಗಳಾಗಿ ಹೊರಬೀಳುತ್ತದೆ. ತೊರೆಗಳು ಬೇಸಿಗೆಯಲ್ಲಿಯೂ ಬತ್ತದಿರಲು ಈ ಚಿಲುಮೆಗಳೇ ಕಾರಣ.

ಒಕ್ಕಲುತನ ಬಂದು ನೆಲ ಕೆಟ್ಟ ಬಗೆ

1850ರ ನಂತರ ಯುರೋಪಿನಿಂದ, ಅದರಲ್ಲಿಯೂ ನಾರ್ವೆ ದೇಶದಿಂದ, ಒಕ್ಕಲು ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಶ್ರಮಜೀವಿಗಳಾದ ಇವರು ಕಾಡು ಕಡಿದು, ಹುಲ್ಲುಗಾವಲು ಉತ್ತು ಗೋಧಿ ಬೆಳೆದರು. ಮೊದಮೊದಲು ಇಳುವರಿಗೆ ಕೊರತೆಯಿರಲಿಲ್ಲ. ಕೆಲವು ದಶಕಗಳ ನಂತರ ಗೋಧಿ ಸೋತಾಗ ಹೈನುಗಾರಿಕೆಗೆ ತಿರುಗಿದರು. ದನಗಳ ಮೇವಿಗಾಗಿ ಮುಸುಕಿನ ಜೋಳದ ವಿಸ್ತೀರ್ಣ ಹೆಚ್ಚಿತು.

ಇವರು ಮಾಡಿದ ತಪ್ಪುಗಳು ಮುಖ್ಯವಾಗಿ ಮೂರು. ಸರ್ಕಾರದ ಮೋಜಣಿಯವರು ಗುಡ್ಡ, ತಗ್ಗು ಯಾವುದನ್ನೂ ಲೆಕ್ಕಿಸದೆ ನೆಲವನ್ನೆಲ್ಲ ಚೌಕ ಚೌಕವಾಗಿ ಅಳೆದು ಕೊಟ್ಟಿದ್ದರು. ರೈತರು ಆ ಚೌಕದ ಬೇಲಿಗೆ ಸರಿಯಾಗಿ, ಇಳಿಜಾರಿನ ಮೇಲಿಂದ ಕೆಳಕ್ಕೆ ನೇರವಾಗಿ ಉತ್ತು ಬಿತ್ತಿದರು. ಇದು ಮೊದಲನೆಯದು. ಉಳಲಾಗದ ಕಡಿದಾದ ಇಳಿಜಾರುಗಳಿಗೆ ದನಗಳನ್ನು ಬಿಟ್ಟು, ಕಾಡಿನ ನೆಲದ ಹೊದಿಕೆಯನ್ನು ಮೇಯಿಸಿ, ತುಳಿಸಿ ಗಟ್ಟಿಮಾಡಿದರು. ಇದು ಎರಡನೆಯದು. ಬೆಳೆ ಬದಲಿಸದೆ ಸಾಲು ಬೆಳೆಯನ್ನೇ ಮತ್ತೆ ಮತ್ತೆ ಇಟ್ಟರು. ಇದು ಮೂರನೆಯದು.

ಫಲವೇನಾಯಿತು? ಉಳುಮೆಯ ಪ್ರತಿಯೊಂದು ಸಾಲೂ ಒಂದೊಂದು ಕಾಲುವೆಯಾಯಿತು. ಸಾಲು ಕೊರಕಲಾಯಿತು, ಕೊರಕಲು ಕಮರಿಯಾಯಿತು. ಇಂಗಬೇಕಾದ ನೀರು ಒಮ್ಮೆಗೇ ಹರಿದು ಕಣಿವೆಗೆ ಧುಮುಕಿ ಪ್ರವಾಹಗಳು ಹೆಚ್ಚಿದವು. ಕೊಚ್ಚಿಬಂದ ಮಣ್ಣು ಕೆಳಗಿನ ಗದ್ದೆಬಯಲುಗಳ ಮೇಲೆ ಕೂತಿತು. 1920 ಮತ್ತು 1930ರ ದಶಕಗಳಲ್ಲಿ ಕೆಳಕಣಿವೆಯ ಬಯಲು ಕೆಲವೆಡೆ ವರ್ಷಕ್ಕೆ 15 ಸೆಂಟಿಮೀಟರ್‌ವರೆಗೂ ಹೂಳಿನಿಂದ ಏರುತ್ತಿತ್ತು. ಅಂದರೆ ಬೇಲಿಯ ಕಂಬವೊಂದು ಹತ್ತು ವರ್ಷಕ್ಕೆ ಮುಚ್ಚಿಹೋಗುವಷ್ಟು. ತಣ್ಣನೆಯ ನೀರಿನಲ್ಲಿ ಮಾತ್ರ ಬದುಕುವ ಟ್ರೌಟ್ ಮೀನು ತೊರೆಗಳಲ್ಲಿ ಕಡಿಮೆಯಾಯಿತು.

ಒಂದು ಸಣ್ಣ ಲೆಕ್ಕ

ಮಣ್ಣು ಕೊಚ್ಚಿಹೋಗುವುದು ಕಣ್ಣಿಗೆ ಕಾಣುವುದಿಲ್ಲವೆಂದು ಅನೇಕರು ಹೇಳುವುದುಂಟು. ಆದುದರಿಂದ ಇಲ್ಲಿ ಒಂದು ಲೆಕ್ಕ ಮಾಡೋಣ.

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು, ಅಂದರೆ ದಪ್ಪ ಕಾಗದದ ನಾಲ್ಕೈದು ಹಾಳೆಗಳಷ್ಟು ಪದರ ಹೋದರೆ ಅದು ನಾಲ್ಕು ಘನಮೀಟರ್ ಆಗುತ್ತದೆ. ತೂಕದಲ್ಲಿ ಸುಮಾರು ಐದು ಟನ್. ಐದು ಟನ್ ಮಣ್ಣನ್ನು ಯಾರಾದರೂ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ? ಪಂಚಾಯಿತಿ ಕೂಡಿಸುತ್ತೇವೆ. ಮಳೆ ತೆಗೆದುಕೊಂಡು ಹೋದರೆ ನಮಗೆ ಗೊತ್ತೇ ಆಗುವುದಿಲ್ಲ.

ಹಾಗೆಯೇ ಒಂದು ಅಂಗುಲ ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಇದು ನಿಧಾನವಾಗಿ ಇಂಗಿದರೆ ಬೆಳೆಗೆ ಅಮೃತ. ವೇಗವಾಗಿ ಹರಿದರೆ ಹೊಲಕ್ಕೆ ಕತ್ತಿ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದರ ಕೊಚ್ಚುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಣ್ಣು ಸಂರಕ್ಷಣೆಯ ಎಲ್ಲ ವಿದ್ಯೆಯೂ ಈ ಒಂದು ಮಾತಿನಲ್ಲಿದೆ: ನೀರಿನ ವೇಗ ಮುರಿಯಿರಿ.

1933ರ ಪ್ರಯತ್ನ

1933ರಲ್ಲಿ ಅಮೆರಿಕ ಸರ್ಕಾರ ಮಣ್ಣು ಸವಕಳಿ ತಡೆಗೆಂದೇ ಒಂದು ಇಲಾಖೆಯನ್ನು ತೆರೆದು, ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣು ವಿಜ್ಞಾನಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. ಒಬ್ಬಿಬ್ಬರ ಹೊಲದಲ್ಲಿ ಬದು ಹಾಕಿ ತೋರಿಸಿದರೆ ಸಾಲದು, ಒಂದು ಇಡೀ ಹಳ್ಳದ ಜಲಾನಯನವನ್ನೇ ತೆಗೆದುಕೊಂಡು, ನೆತ್ತಿಯಿಂದ ಬಾಯಿಯವರೆಗೆ ಸರಿಪಡಿಸಿ ತೋರಿಸಬೇಕೆಂದು ನಿಶ್ಚಯವಾಯಿತು. ಅದಕ್ಕೆ ಮೊಟ್ಟಮೊದಲು ಆರಿಸಿದ್ದು ಈ ಕೂನ್ ಹಳ್ಳವನ್ನೇ. 1935ರಲ್ಲಿ ಆ ಇಲಾಖೆ ಕೃಷಿ ಖಾತೆಗೆ ಸೇರಿ ಕಾಯಂ ಆಯಿತು.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ತಜ್ಞರೂ ಕೈಜೋಡಿಸಿದರು. ಅವರಲ್ಲಿ ಒಬ್ಬರಾದ ಆಲ್ಡೊ ಲಿಯೊಪೋಲ್ಡ್ 1935ರಲ್ಲಿ ಈ ಯೋಜನೆಯನ್ನು ಕುರಿತು ಬರೆದ ಲೇಖನ ಇಂದಿಗೂ ಪ್ರಸಿದ್ಧ. ಬೆಳೆಯವರು ಬೆಳೆಯನ್ನು, ಕಾಡಿನವರು ಕಾಡನ್ನು, ಎಂಜಿನಿಯರರು ಕಟ್ಟೆಯನ್ನು ಬೇರೆ ಬೇರೆಯಾಗಿ ನೋಡುವ ಬದಲು ಎಲ್ಲರೂ ಕೂಡಿ ಒಂದೇ ಜಮೀನಿಗೆ ಒಂದೇ ಯೋಜನೆ ಬರೆದದ್ದು ಇಲ್ಲಿಯ ವಿಶೇಷ.

ಸುಮಾರು 800 ರೈತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಸರ್ಕಾರ ಬೀಜ, ಸುಣ್ಣ, ಗೊಬ್ಬರ, ಬೇಲಿಯ ತಂತಿ ಮತ್ತು ಆಳುಗಳನ್ನು ಒದಗಿಸಬೇಕು. ರೈತ ಯೋಜನೆಯಂತೆ ನಡೆದುಕೊಳ್ಳಬೇಕು. ನಿರುದ್ಯೋಗಿ ಯುವಕರ ಸರ್ಕಾರಿ ದಳವೊಂದು ಶಿಬಿರ ಹಾಕಿಕೊಂಡು ಕೊರಕಲು ತಡೆಯುವ, ಬೇಲಿ ಹಾಕುವ, ಸಸಿ ನೆಡುವ ಕೆಲಸ ಮಾಡಿತು.

ಅಲ್ಲಿ ಅನುಸರಿಸಿದ ಕ್ರಮಗಳು ಇವು:

1. ಕಡಿದಾದ ಇಳಿಜಾರನ್ನು ದನಗಳಿಗೆ ಬಂದ್ ಮಾಡಿ, ಬೇಲಿ ಹಾಕಿ, ಕಾಡಿಗೆ ಬಿಡುವುದು.

2. ಉಳುಮೆ, ಬಿತ್ತನೆ ಎಲ್ಲವನ್ನೂ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿ ರೇಖೆಯಗುಂಟ ಮಾಡುವುದು.

3. ಪಟ್ಟಿ ಬೇಸಾಯ. ಒಂದು ಪಟ್ಟಿಯಲ್ಲಿ ಮುಸುಕಿನ ಜೋಳ, ಅದರ ಕೆಳಗಿನ ಪಟ್ಟಿಯಲ್ಲಿ ಲೂಸರ್ನ್ ಅಥವಾ ಕ್ಲೋವರ್ ಮೇವು, ಅದರ ಕೆಳಗೆ ಓಟ್ಸ್, ಹೀಗೆ. ಸಾಲು ಬೆಳೆಯ ಪಟ್ಟಿಯಿಂದ ಹೊರಟ ಮಣ್ಣು ಮೇವಿನ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ.

4. ಪಟ್ಟಿಗಳಲ್ಲಿ ವರ್ಷ ವರ್ಷವೂ ಬೆಳೆ ಬದಲಾಯಿಸುವುದು. ಲೂಸರ್ನ್ ಬೇರು ಮಣ್ಣಿಗೆ ಸಾರಜನಕವನ್ನೂ ಬಿರುಸನ್ನೂ ಕೊಡುತ್ತದೆ, ಎಲೆ ಹಸುವಿಗೆ ಹಾಲನ್ನು ಕೊಡುತ್ತದೆ.

5. ಕೊರಕಲುಗಳಿಗೆ ತಡೆ ಹಾಕಿ, ನೀರು ಹೋಗುವ ದಾರಿಯಲ್ಲಿ ಹುಲ್ಲು ಬೆಳೆಸುವುದು.

ಇವುಗಳಲ್ಲಿ ರೈತನ ಕೈಗೆ ಮೀರಿದ್ದು ಯಾವುದೂ ಇಲ್ಲವೆಂಬುದನ್ನು ಗಮನಿಸಿ. ನೇಗಿಲ ದಿಕ್ಕು ಬದಲಾಯಿಸಲು ಖರ್ಚಿಲ್ಲ. ಹಸುಗಳಿಗೆ ಮೇವು ಬೇಕೇಬೇಕಾಗಿದ್ದರಿಂದ ಲೂಸರ್ನ್ ಪಟ್ಟಿ ದಂಡವೂ ಆಗಲಿಲ್ಲ. ಮಣ್ಣು ಉಳಿಸುವ ಕೆಲಸವೇ ಲಾಭದ ಕೆಲಸವೂ ಆದದ್ದರಿಂದ ಒಪ್ಪಂದದ ಐದು ವರ್ಷ ಮುಗಿದ ಮೇಲೂ ರೈತರು ಅದನ್ನು ಕೈಬಿಡಲಿಲ್ಲ, ಸಹಿ ಹಾಕದ ನೆರೆಯವರೂ ಅನುಸರಿಸಿದರು.

ಕೊಚ್ಚಿದ ಮಣ್ಣು ಎಲ್ಲಿ ಹೋಯಿತು?

1938ರಲ್ಲಿ ಕಣಿವೆಗೆ ಅಡ್ಡಲಾಗಿ ಹಲವೆಡೆ ರೇಖೆಗಳನ್ನು ಗುರುತಿಸಿ ನೆಲದ ಮಟ್ಟವನ್ನು ಅಳೆದಿಟ್ಟಿದ್ದರು. ಸ್ಟ್ಯಾನ್ಲಿ ಟ್ರಿಂಬಲ್ ಎಂಬ ಭೂಗೋಳ ವಿಜ್ಞಾನಿ 1970ರ ದಶಕದಲ್ಲಿಯೂ, ಮತ್ತೆ 1990ರ ದಶಕದಲ್ಲಿಯೂ ಅವೇ ಜಾಗಗಳನ್ನು ಅಳೆದು ನೋಡಿದರು. 1975ರಿಂದ 1993ರವರೆಗಿನ ಅವಧಿಯಲ್ಲಿ ಕಣಿವೆಯಲ್ಲಿ ಹೂಳು ಕೂರುವ ಪ್ರಮಾಣ 1930ರ ದಶಕದ ಸುಮಾರು 6 ಪ್ರತಿಶತಕ್ಕೆ ಇಳಿದಿತ್ತು. ನೂರು ಗಾಡಿ ಬರುತ್ತಿದ್ದ ಕಡೆ ಆರು ಗಾಡಿ ಎಂದಂತಾಯಿತು. ತೊರೆಗಳಲ್ಲಿ ಟ್ರೌಟ್ ಮೀನು ಮರಳಿತು. ಇಂದು ಟಿಂಬರ್ ಕೂಲೀ ತೊರೆಗೆ ಗಾಳ ಹಾಕಲು ದೂರದೂರದ ಜನ ಬರುತ್ತಾರೆ.

ಟ್ರಿಂಬಲ್ ಅವರ ಅಳತೆಯಿಂದ ತಿಳಿದ ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದದ್ದು. ಹೊಲಗಳು ಅತಿ ಹೆಚ್ಚು ಕೊಚ್ಚುತ್ತಿದ್ದ ಕಾಲದಲ್ಲಿಯೂ, ಕೊಚ್ಚುವುದು ನಿಂತ ಕಾಲದಲ್ಲಿಯೂ, ಹಳ್ಳವು ಮಿಸ್ಸಿಸಿಪ್ಪಿಗೆ ಸಾಗಿಸಿದ ಹೂಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿತ್ತು! ಇದು ಹೇಗೆ ಸಾಧ್ಯ? ಹೊಲ ಬಿಟ್ಟ ಮಣ್ಣಿನ ಬಹುಪಾಲು ಮಹಾನದಿಯನ್ನು ಮುಟ್ಟಲೇ ಇಲ್ಲ. ಇಳಿಜಾರಿನ ಬುಡದಲ್ಲಿ, ಉಪಹಳ್ಳಗಳ ಬಾಯಲ್ಲಿ, ಕೆಳಕಣಿವೆಯ ಬಯಲಿನಲ್ಲಿ ಕೂತುಬಿಟ್ಟಿತು. ಮೇಲೆ ಸವಕಳಿ ನಿಂತ ಮೇಲೆ ಹಳ್ಳವು ಹಿಂದೆ ಕೂತ ಹೂಳನ್ನೇ ದಡದಿಂದ ಕೊರೆದು ಸ್ವಲ್ಪ ಸ್ವಲ್ಪವಾಗಿ ಒಯ್ಯುತ್ತಿದೆ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ನದಿಯ ಬಾಯಲ್ಲಿ ನಿಂತು ನೀರು ನೋಡಿ 'ಮೇಲೆ ಎಲ್ಲ ಸರಿಯಾಗಿದೆ' ಎನ್ನುವಂತಿಲ್ಲ. ಹಾಗೆಯೇ ನಿಮ್ಮ ಹೊಲದ ಮಣ್ಣು ಸಮುದ್ರಕ್ಕೆ ಹೋಯಿತೆಂದು ತಿಳಿಯಬೇಡಿ. ಅದು ಹೋದದ್ದು ಬಹುತೇಕ ನಿಮ್ಮ ಕೆಳಗಿನ ನೆರೆಯವನ ಗದ್ದೆಗೆ ಮತ್ತು ನಿಮ್ಮೂರ ಕೆರೆಗೆ. ತಾತ ಮಾಡಿದ ತಪ್ಪಿನ ಹೂಳನ್ನು ಮೊಮ್ಮಗನ ಕಾಲದಲ್ಲಿಯೂ ಹಳ್ಳ ಹೊರುತ್ತಿರುತ್ತದೆ.

2018ರ ಎಚ್ಚರಿಕೆ

ಕಥೆ ಇಲ್ಲಿಗೇ ಮುಗಿದಿದ್ದರೆ ಸಂತೋಷವಾಗುತ್ತಿತ್ತು. ಆದರೆ ಪೂರ್ತಿ ಹೇಳುವುದು ನನ್ನ ಕರ್ತವ್ಯ.

1954ರ ಒಂದು ಕಾನೂನಿನ ಪ್ರಕಾರ ಕೂನ್ ಹಳ್ಳದ ಉಪಕಣಿವೆಗಳಲ್ಲಿ ಪ್ರವಾಹ ತಡೆಯಲು 14 ಮಣ್ಣಿನ ಕಟ್ಟೆಗಳನ್ನು ಕಟ್ಟಲಾಗಿತ್ತು. 2018ರ ಆಗಸ್ಟ್ 27ರ ರಾತ್ರಿ ಆ ಸೀಮೆಯ ಕೆಲವೆಡೆ ಹತ್ತು ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಕೂನ್ ಹಳ್ಳದ ಮೂರು ಕಟ್ಟೆಗಳು, ಪಕ್ಕದ ಕಿಕಾಪೂ ನದಿಯ ಪಶ್ಚಿಮ ಕವಲಿನ ಎರಡು ಕಟ್ಟೆಗಳು ಒಡೆದವು. ಕೂನ್ ವ್ಯಾಲಿ, ಚೇಸ್‌ಬರ್ಗ್ ಊರುಗಳಿಗೆ ನೀರು ನುಗ್ಗಿತು.

ಒಡೆದದ್ದು ಹೇಗೆಂಬುದನ್ನು ನೀವು ತಿಳಿಯಬೇಕು. ಕಟ್ಟೆಯ ಮಣ್ಣಿನ ಏರಿ ಗಟ್ಟಿಯಾಗಿಯೇ ಇತ್ತು. ಏರಿ ಹೋಗಿ ಗುಡ್ಡವನ್ನು ಕೂಡುವ ಜಾಗದಲ್ಲಿ ಬಿರುಕುಬಿಟ್ಟ ಮರಳುಗಲ್ಲಿತ್ತು. ನೀರು ಆ ಬಿರುಕಿನಲ್ಲಿ ದಾರಿ ಮಾಡಿಕೊಂಡು ಪಕ್ಕದಿಂದ ನುಗ್ಗಿತು. ಏರಿ ಎಷ್ಟೇ ಭದ್ರವಾಗಿರಲಿ, ಅದರ ಎರಡು ತುದಿಗಳೇ ಅದರ ಬಲ. ಮುಂದೆ ನಡೆದ ಅಧ್ಯಯನದಲ್ಲಿ ಈ ಹಳೆಯ ಕಟ್ಟೆಗಳನ್ನು ಉಳಿಸಿಕೊಳ್ಳುವುದಕ್ಕಿಂತ ಕಳಚಿಹಾಕುವುದೇ ಲೇಸೆಂದು ತಜ್ಞರು ಸಲಹೆ ಕೊಟ್ಟರು.

ಇನ್ನೊಂದು ಬದಲಾವಣೆಯೂ ಆಗುತ್ತಿದೆ. ಸಣ್ಣ ಹೈನುಗಾರರು ಒಬ್ಬೊಬ್ಬರಾಗಿ ಕಸುಬು ಬಿಡುತ್ತಿದ್ದಾರೆ. ಹಸು ಹೋದ ಮೇಲೆ ಮೇವು ಯಾರಿಗೆ? ಲೂಸರ್ನ್ ಪಟ್ಟಿ ಹೋಗಿ ಆ ಜಾಗಕ್ಕೆ ಮುಸುಕಿನ ಜೋಳ, ಸೋಯಾ ಅವರೆ ಬರುತ್ತಿವೆ. ದೊಡ್ಡ ಯಂತ್ರಗಳಿಗೆ ಬಾಗಿದ ಪಟ್ಟಿಗಳು ಅಡ್ಡಿ. ತೊಂಬತ್ತು ವರ್ಷ ಕಾಯ್ದ ಹೊದಿಕೆ ಹೀಗೆ ಕಳಚುತ್ತಿರುವುದನ್ನು ಕಂಡು, ಪ್ರವಾಹದ ನಂತರ ಆ ಕಣಿವೆಯ ರೈತರೂ ನಿವಾಸಿಗಳೂ ಮತ್ತೆ ಕೂಡಿ ತಮ್ಮದೇ ಒಂದು ಜಲಾನಯನ ಮಂಡಳಿ ಮಾಡಿಕೊಂಡಿದ್ದಾರೆ. ಮಣ್ಣಿನ ರಕ್ಷಣೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಮನೆಗೆ ಸೂರು ಹೊದಿಸಿದಂತೆ, ಪ್ರತಿ ತಲೆಮಾರೂ ಮತ್ತೆ ಮಾಡಬೇಕಾದದ್ದು.

ನಮ್ಮ ಹೊಲಕ್ಕೆ ಏನು?

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಕೂನ್ ಹಳ್ಳದಲ್ಲಿ ಕೆಲಸ ನಡೆದ 1930ರ ದಶಕದಲ್ಲಿಯೇ ವಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಗಿತ್ತು. 1980ರ ದಶಕದಲ್ಲಿ ಕಬ್ಬಾಳನಾಲಾ, 2001ರಿಂದ ಸುಜಲ ಮುಂತಾದ ಯೋಜನೆಗಳು ಇಡೀ ಜಲಾನಯನವನ್ನು ಒಂದು ಘಟಕವಾಗಿ ತೆಗೆದುಕೊಂಡವು. ಆದರೆ 'ಬದು ಹಾಕಿದರೆ ಎರಡು ಸಾಲಿನ ಜಾಗ ಹೋಗುತ್ತದಲ್ಲ?' ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ. ಬದು ತಿನ್ನುವ ಜಾಗ ಕಣ್ಣಿಗೆ ಕಾಣುತ್ತದೆ, ಮಳೆ ತಿನ್ನುವ ಹೊಲ ಕಾಣುವುದಿಲ್ಲ. ಮೇಲೆ ಮಾಡಿದ ಐದು ಟನ್ನಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ, ಯಾವುದು ಹೆಚ್ಚಿನ ನಷ್ಟವೆಂದು ನೀವೇ ತೀರ್ಮಾನಿಸಿ.

ಈ ಮುಂಗಾರಿಗೆ ಮುನ್ನ ಮಾಡಬಹುದಾದ ಕೆಲಸಗಳು ಇವು:

1. ಮಳೆ ಬರುವಾಗ ಹೊಲದಲ್ಲಿ ನಡೆದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೊರಡುತ್ತದೆ ಎಂದು ಗುರುತಿಸಿ. ಅದೇ ನಿಮ್ಮ ಹೊಲದ ನಕ್ಷೆ.

2. ಇಳಿಜಾರಿಗೆ ಅಡ್ಡಲಾಗಿಯೇ ಉಳಿ, ಅಡ್ಡಲಾಗಿಯೇ ಬಿತ್ತಿ. ಬಾಡಿಗೆ ಟ್ರ್ಯಾಕ್ಟರಿನವನು ಉದ್ದ ಸಾಲು ಸಿಗುತ್ತದೆಂದು ಮೇಲಿಂದ ಕೆಳಕ್ಕೆ ಹೊಡೆಯಲು ಬಿಡಬೇಡಿ.

3. ಜೋಳ, ಮುಸುಕಿನ ಜೋಳ, ಹತ್ತಿಯಂಥ ಬೆಳೆಗಳ ಪಟ್ಟಿಯ ಕೆಳಗೆ ಶೇಂಗಾ, ಹುರುಳಿ, ಅಲಸಂದೆಯಂಥ ನೆಲ ಮುಚ್ಚುವ ಬೆಳೆಯ ಪಟ್ಟಿ ಇಡಿ. ಮುಂದಿನ ವರ್ಷ ಅದಲುಬದಲು ಮಾಡಿ.

4. ಮಳೆ ಕಡಿಮೆಯಿರುವ ಕೆಂಪು ಮಣ್ಣಿಗೆ ಸಮಪಾತಳಿ ಬದು ಸರಿ. ಆಳವಾದ ಕಪ್ಪು ಮಣ್ಣಿನಲ್ಲಿ ನೀರು ನಿಂತು ಬೆಳೆ ಕೆಡುತ್ತದೆ, ಬಿರುಕಿನಿಂದ ಬದುವೂ ಒಡೆಯುತ್ತದೆ. ಅಲ್ಲಿ ಸ್ವಲ್ಪ ಇಳಿಕಲು ಕೊಟ್ಟು ನೀರನ್ನು ಹುಲ್ಲಿನ ಕಾಲುವೆಗೆ ಬಿಡುವ ಬದು ಹಾಕಬೇಕು.

5. ಬದುವಿನ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಬೆಳೆಸಿ. ಬದುವೂ ನಿಲ್ಲುತ್ತದೆ, ದನಕ್ಕೂ ಆಗುತ್ತದೆ.

6. ಕೃಷಿಹೊಂಡ, ಕಟ್ಟೆ, ಕೆರೆ ಏರಿಗಳ ತುದಿಗಳನ್ನೂ ಕೋಡಿಯನ್ನೂ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿ. ಇಲಿಬಿಲ, ಬಿರುಕು, ಜಿನುಗು ಕಂಡರೆ ಕೂಡಲೇ ಮುಚ್ಚಿಸಿ.

7. ಕೊರಕಲನ್ನು ತಲೆಯಿಂದ ತಡೆಯುತ್ತ ಬನ್ನಿ. ಕೆಳಗೆ ಮಾತ್ರ ಕಲ್ಲು ಹಾಕಿ ಮೇಲೆ ಬಿಟ್ಟರೆ ಮುಂದಿನ ಮಳೆಗೆ ಕಲ್ಲೂ ಹೋಗುತ್ತದೆ.

ಕೊನೆಯದಾಗಿ ಒಂದು ಮಾತು. ಇವುಗಳಲ್ಲಿ ಯಾವುದನ್ನೂ ಒಬ್ಬನೇ ಮಾಡಿದರೆ ಪೂರ್ಣ ಫಲವಿಲ್ಲ. ನಿಮ್ಮ ಮೇಲಿನವನು ನೀರು ಬಿಟ್ಟರೆ ನಿಮ್ಮ ಬದು ಒಡೆಯುತ್ತದೆ, ನೀವು ಬಿಟ್ಟರೆ ಕೆಳಗಿನವನದು. ಸರ್ವೆ ನಂಬರಿನ ಕಲ್ಲು ನಮಗೆ ಗೊತ್ತು, ನೀರಿಗೆ ಗೊತ್ತಿಲ್ಲ. ಕೂನ್ ಹಳ್ಳದ ರೈತರು 1933ರಲ್ಲಿ ಗೆದ್ದದ್ದು ಹಣದಿಂದಲೂ ಯಂತ್ರದಿಂದಲೂ ಅಲ್ಲ. ಗುಡ್ಡದ ಮೇಲಿನವನೂ ಕಣಿವೆಯವನೂ ಒಂದೇ ಹಳ್ಳದ ಮಕ್ಕಳೆಂದು ಒಪ್ಪಿಕೊಂಡದ್ದರಿಂದ. ಮುಂದಿನ ಮಳೆಗೆ ಮುಂಚೆ ನಿಮ್ಮ ಹಳ್ಳದ ಮೇಲಿನ, ಕೆಳಗಿನ ನಾಲ್ಕು ಮನೆಯವರನ್ನು ಕರೆದು ಒಂದು ಸಂಜೆ ಕೂತು ಮಾತನಾಡಿ. ಆಮೇಲೆ ಮಳೆ ಬಿದ್ದ ಮರುದಿನ ಎಲ್ಲರೂ ಕೂಡಿ ಹಳ್ಳದ ದಡಕ್ಕೆ ಹೋಗಿ ನೀರಿನ ಬಣ್ಣ ನೋಡಿ. ಅದು ತಿಳಿಯಾದ ವರ್ಷ, ನಿಮ್ಮ ಹೊಲ ನಿಮ್ಮಲ್ಲೇ ಉಳಿದ ವರ್ಷ.